ಪೋಸ್ಟ್‌ಗ್ರೆಸ್ ಕ್ಲಸ್ಟರ್‌ಗೆ ಬರುವ ಸಂಪರ್ಕಗಳನ್ನು ಸರಿಯಾಗಿ ಹಂಚುವುದು ಹೇಗೆ: ಪಟ್ರೋನಿ, ಎಚ್‌ಎಪ್ರಾಕ್ಸಿ, ಪಿಜಿಬೌನ್ಸರ್ ಜೋಡಣೆಯ ಸಮಗ್ರ ಮಾರ್ಗದರ್ಶಿ

ಮೂರು ಸರ್ವರ್‌ಗಳ ಪೋಸ್ಟ್‌ಗ್ರೆಸ್ ಡೇಟಾಬೇಸ್ ಕ್ಲಸ್ಟರ್ ಕಟ್ಟಿ (ಬರೆಯಬಲ್ಲ ಒಂದು ಪ್ರೈಮರಿ, ಅದರ ನಕಲು ಇಟ್ಟುಕೊಂಡು ಓದಲು ಮಾತ್ರ ಸಿಗುವ ಎರಡು ರೆಪ್ಲಿಕಾಗಳು), ಅದರ ಮುಂದೆ ಸಂಪರ್ಕಗಳನ್ನು ಹಂಚುವ ಎಚ್‌ಎಪ್ರಾಕ್ಸಿಯನ್ನು ನಿಲ್ಲಿಸಿದ ಮೇಲೂ ಒಂದು ರೆಪ್ಲಿಕಾ ಏದುಸಿರು ಬಿಡುತ್ತಿರುವಾಗ ಇನ್ನೊಂದು ಸುಮ್ಮನೆ ಕುಳಿತಿರುತ್ತದೆ. ಪ್ರೈಮರಿ ಬದಲಾದಾಗ ಕೆಲವು ಆ್ಯಪ್‌ಗಳು ತಾವಾಗಿಯೇ ಚೇತರಿಸಿಕೊಂಡರೆ, ಉಳಿದವು ರೀಸ್ಟಾರ್ಟ್ ಮಾಡುವವರೆಗೆ ಬರೆಯಲಾಗದೆ ನಿಂತುಬಿಡುತ್ತವೆ. ಈ ಎರಡು ದೂರುಗಳನ್ನು ಓದುಗರು ಪದೇಪದೇ ಮುಂದಿಡುತ್ತಿದ್ದಾರೆ, ಮತ್ತು ಬಹುತೇಕ ಸಂದರ್ಭಗಳಲ್ಲಿ ಕಾರಣ ಒಂದೇ ಆಗಿರುತ್ತದೆ. ಟಿಸಿಪಿ ಮಟ್ಟದಲ್ಲಿ ಕೆಲಸ ಮಾಡುವ ಪ್ರಾಕ್ಸಿ ಹಂಚುವುದು ಸಂಪರ್ಕಗಳನ್ನು. ಅವುಗಳ ಒಳಗೆ ಹರಿಯುವ ಕ್ವೆರಿಗಳು ಅದಕ್ಕೆ ಕಾಣುವುದೇ ಇಲ್ಲ. ಸಂಪರ್ಕ ತೆರೆಯುವ ಗಳಿಗೆಯಲ್ಲಿ ಅದು ಒಮ್ಮೆ ಸರ್ವರನ್ನು ಆರಿಸುತ್ತದೆ, ಆ ಸಂಪರ್ಕ ಮುಚ್ಚುವವರೆಗೆ ಆ ಆಯ್ಕೆ ಬದಲಾಗುವುದಿಲ್ಲ. ಆ್ಯಪ್‌ನ ಪೂಲ್ (ಮತ್ತೆ ಮತ್ತೆ ಬಳಸಲು ತೆರೆದಿಟ್ಟ ಸಂಪರ್ಕಗಳ ಗುಂಪು) ಅವನ್ನು ಗಂಟೆಗಟ್ಟಲೆ ಹಿಡಿದಿಟ್ಟುಕೊಂಡರೆ ಪ್ರಾಕ್ಸಿ ಎಷ್ಟೇ ಚೆನ್ನಾಗಿದ್ದರೂ ಹೊರೆ ಸಮನಾಗುವುದಿಲ್ಲ. ಮುಂದಿನ ಹಂತಗಳೆಲ್ಲ ಈ ಸಂಗತಿಯನ್ನು ಆಧರಿಸಿವೆ. ಅವುಗಳ ಕ್ರಮವನ್ನು ದಯವಿಟ್ಟು ಬದಲಿಸಬೇಡಿ.

ಸೆಟ್ಟಿಂಗ್‌ಗಳ ಹೆಸರುಗಳನ್ನು ಇಲ್ಲಿ ಉಚ್ಚಾರಣೆಗೆ ತಕ್ಕಂತೆ ಬರೆದಿದೆ. ಫೈಲ್‌ಗಳಲ್ಲಿ ಅವುಗಳ ಮೂಲ ರೂಪವನ್ನೇ ಬಳಸಬೇಕು.

## ಮೊದಲೇ ಸಿದ್ಧವಾಗಿರಬೇಕಾದವು

ಪಟ್ರೋನಿ (ಪ್ರೈಮರಿ ಬಿದ್ದಾಗ ರೆಪ್ಲಿಕಾಗೆ ಬಡ್ತಿ ಕೊಡುವ ಸಾಧನ) ನಿರ್ವಹಿಸುವ 3 ಪೋಸ್ಟ್‌ಗ್ರೆಸ್ ಸರ್ವರ್‌ಗಳು, ಯಾವುದು ಪ್ರೈಮರಿ ಎಂದು ಹೇಳುವ ನಾಯಕತ್ವದ ಲಾಕ್ ಕಾಯಲು ಎಟ್ಸಿಡಿ ಎಂಬ ಸಣ್ಣ ದತ್ತಾಂಶ ಸಂಗ್ರಹದ 3 ನೋಡ್‌ಗಳು, ಮತ್ತು ಕೀಪ್‌ಅಲೈವ್ಡ್ ಎಂಬ ಸಾಧನದ ಮೂಲಕ ಒಂದೇ ವರ್ಚುವಲ್ ಐಪಿಯನ್ನು ಹಂಚಿಕೊಳ್ಳುವ 2 ಎಚ್‌ಎಪ್ರಾಕ್ಸಿ ಯಂತ್ರಗಳು ಬೇಕು. ಪ್ರಾಕ್ಸಿ ಒಂದೇ ಇದ್ದರೆ, ಅದು ಬಿದ್ದ ದಿನ ಮೂರು ಡೇಟಾಬೇಸ್ ಸರ್ವರ್‌ಗಳಿದ್ದೂ ಪ್ರಯೋಜನವಾಗುವುದಿಲ್ಲ.

ಪೋರ್ಟ್‌ಗಳ ಲೆಕ್ಕ ಹೀಗಿದೆ: ಪೋಸ್ಟ್‌ಗ್ರೆಸ್ 5432, ಪಿಜಿಬೌನ್ಸರ್ (ಆ್ಯಪ್‌ಗಳ ಹಲವು ಸಂಪರ್ಕಗಳನ್ನು ಕೆಲವೇ ಡೇಟಾಬೇಸ್ ಸಂಪರ್ಕಗಳಲ್ಲಿ ನಿಭಾಯಿಸುವ ಸಾಧನ) 6432, ಸರ್ವರ್‌ನ ಸ್ಥಿತಿಯನ್ನು ಎಚ್‌ಟಿಟಿಪಿಯಲ್ಲಿ ತಿಳಿಸುವ ಪಟ್ರೋನಿಯ ರೆಸ್ಟ್ ಎಪಿಐ 8008. ಎಚ್‌ಎಪ್ರಾಕ್ಸಿಯಲ್ಲಿ ಬರೆಯುವ ಸಂಪರ್ಕಗಳಿಗೆ 5000, ಓದುವ ಸಂಪರ್ಕಗಳಿಗೆ 5001, ಅಂಕಿಅಂಶಗಳ ಪುಟಕ್ಕೆ 7000 ಎಂದು ಇಟ್ಟುಕೊಳ್ಳುವುದು ರೂಢಿ. ಪ್ರಾಕ್ಸಿ ಯಂತ್ರಗಳಿಂದ ಡೇಟಾಬೇಸ್ ಸರ್ವರ್‌ಗಳ 8008ಕ್ಕೆ ಫೈರ್‌ವಾಲ್‌ನಲ್ಲಿ ದಾರಿ ತೆರೆದಿದೆಯೇ ಎಂದು ಕರ್ಲ್ ಎಂಬ ಆದೇಶದಿಂದ ಈಗಲೇ ನೋಡಿಕೊಳ್ಳಿ. ಇದರ ಜೊತೆಗೆ, ನಡುವೆ ವಿದ್ಯುತ್ ಕಿತ್ತರೂ ಯಾರಿಗೂ ತೊಂದರೆಯಾಗದಂಥ ಒಂದು ಪರೀಕ್ಷಾ ಕ್ಲಸ್ಟರ್ ಬೇಕೇ ಬೇಕು, ಏಕೆಂದರೆ 8ನೆಯ ಹಂತವನ್ನು ಬೇರೆಲ್ಲೂ ಮಾಡಲಾಗದು.

ಆ್ಯಪ್ ಒಂದೋ ಎರಡೋ ಇದ್ದು, ಡೇಟಾಬೇಸ್ ಜೊತೆ ಮಾತನಾಡಲು ಅವು ಬಳಸುವ ಡ್ರೈವರ್ ಪೋಸ್ಟ್‌ಗ್ರೆಸ್‌ನ ಸ್ವಂತ ಲೈಬ್ರರಿಯಾದ ಲಿಬ್‌ಪಿಕ್ಯೂ ಆಧಾರಿತವಾಗಿದ್ದರೆ ಈ ಇಡೀ ಪ್ರಾಕ್ಸಿ ಪದರವೇ ಬೇಡವಾಗಬಹುದು. ಪೋಸ್ಟ್‌ಗ್ರೆಸ್ 10ರಿಂದ ಸಂಪರ್ಕದ ಸಾಲಿನಲ್ಲೇ ಹಲವು ಹೋಸ್ಟ್‌ಗಳನ್ನು ಕೊಟ್ಟು, ಟಾರ್ಗೆಟ್ ಸೆಷನ್ ಆಟ್ರ್ಸ್ ಎಂಬ ಆಯ್ಕೆಯಿಂದ ಬರೆಯಬಲ್ಲ ಸರ್ವರನ್ನೇ ಹುಡುಕಿಸಬಹುದು. 14ನೆಯ ಆವೃತ್ತಿಯಲ್ಲಿ ಸಾಧ್ಯವಾದರೆ ರೆಪ್ಲಿಕಾವನ್ನೇ ಆರಿಸುವ ಪ್ರಿಫರ್ ಸ್ಟ್ಯಾಂಡ್‌ಬೈ ಬಂದಿತು, 16ರಲ್ಲಿ ಹೋಸ್ಟ್‌ಗಳನ್ನು ಯಾದೃಚ್ಛಿಕವಾಗಿ ಆರಿಸುವ ಲೋಡ್ ಬ್ಯಾಲೆನ್ಸ್ ಹೋಸ್ಟ್ಸ್ ಸೇರಿತು. ಚಿಕ್ಕ ವ್ಯವಸ್ಥೆಗೆ ನಾನು ಇದನ್ನೇ ಸೂಚಿಸುತ್ತೇನೆ. ಆ್ಯಪ್‌ಗಳು ಹಲವು ಭಾಷೆಗಳಲ್ಲಿದ್ದು, ಪ್ರತಿಯೊಂದರ ಡ್ರೈವರ್ ಬೇರೆಬೇರೆ ರೀತಿ ವರ್ತಿಸುವಲ್ಲಿ ಮಾತ್ರ ಪ್ರಾಕ್ಸಿಯ ಶ್ರಮ ಸಾರ್ಥಕವಾಗುತ್ತದೆ.

## ಹಂತ 1: ಸಂಪರ್ಕಗಳ ಬಜೆಟ್ ಬರೆಯಿರಿ

ಯಾವ ಫೈಲನ್ನೂ ಮುಟ್ಟುವ ಮುನ್ನ ಕಾಗದದ ಮೇಲೆ ಲೆಕ್ಕ ಹಾಕಬೇಕು. ಪೋಸ್ಟ್‌ಗ್ರೆಸ್‌ನಲ್ಲಿ ಪ್ರತಿ ಸಂಪರ್ಕಕ್ಕೂ ಒಂದು ಪ್ರತ್ಯೇಕ ಪ್ರೊಸೆಸ್ ಹುಟ್ಟುತ್ತದೆ. ಒಟ್ಟು ಸಂಪರ್ಕಗಳ ಮಿತಿಯಾದ ಮ್ಯಾಕ್ಸ್ ಕನೆಕ್ಷನ್ಸ್‌ನ ಮೂಲ ಬೆಲೆ (ಡಿಫಾಲ್ಟ್) 100; ಅದರಲ್ಲಿ 3 ಸೂಪರ್‌ಯೂಸರ್‌ಗೆ ಮೀಸಲು.

ಉದಾಹರಣೆಗೆ ಆ್ಯಪ್‌ನ 12 ಪ್ರತಿಗಳು ಓಡುತ್ತಿದ್ದು, ಪ್ರತಿಯೊಂದೂ ಬರೆಯಲು 10 ಮತ್ತು ಓದಲು 15 ಸಂಪರ್ಕಗಳ ಪೂಲ್ ಇಟ್ಟುಕೊಂಡಿದೆ ಎನ್ನೋಣ. ಪ್ರೈಮರಿಗೆ 120, ಎರಡು ರೆಪ್ಲಿಕಾಗಳಿಗೆ ತಲಾ 90 ಸಂಪರ್ಕಗಳು ಬರುತ್ತವೆ. ಒಂದು ರೆಪ್ಲಿಕಾ ಬಿದ್ದರೆ ಉಳಿದದ್ದರ ಮೇಲೆ ಒಮ್ಮೆಗೇ 180 ಬೀಳುತ್ತವೆ. ಹೊಸ ಆವೃತ್ತಿಯನ್ನು ಬಿಡುಗಡೆ ಮಾಡುವಾಗ ಹಳೆಯ ಮತ್ತು ಹೊಸ ಪ್ರತಿಗಳು ಸ್ವಲ್ಪ ಹೊತ್ತು ಜೊತೆಯಲ್ಲೇ ಓಡುವುದರಿಂದ 12 ಪ್ರತಿಗಳು 24 ಆಗಬಹುದು. ಆಗ ಪ್ರೈಮರಿಗೆ 240, ರೆಪ್ಲಿಕಾಗಳಿಗೆ ಒಟ್ಟು 360. ಹೆಚ್ಚಿನವರು ಮೊದಲ ಸಾಲಿನ ಅಂಕಿಗೇ ಲೆಕ್ಕ ನಿಲ್ಲಿಸುತ್ತಾರೆ, ಆದರೆ ವ್ಯವಸ್ಥೆ ಕುಸಿಯುವುದು ಕೊನೆಯ ಸಾಲಿನ ಅಂಕಿಯಲ್ಲಿ. ಒಂದು ಸರ್ವರ್ ಇಲ್ಲದಿರುವಾಗ, ಬಿಡುಗಡೆಯ ನಡುವೆ ಎಷ್ಟು ಸಂಪರ್ಕಗಳು ಬರುತ್ತವೆ ಎಂಬುದೇ ನಿಮ್ಮ ನಿಜವಾದ ಬಜೆಟ್.

ಆ ಅಂಕಿ ಸರ್ವರ್ ತಾಳುವ ಮಿತಿಗಿಂತ ದೊಡ್ಡದಾಗಿದ್ದರೆ ಮ್ಯಾಕ್ಸ್ ಕನೆಕ್ಷನ್ಸನ್ನು ಸಾವಿರಕ್ಕೆ ಏರಿಸಲು ಹೋಗಬೇಡಿ. 5ನೆಯ ಹಂತದ ಪಿಜಿಬೌನ್ಸರ್ ನಿಮಗೆ ಅನಿವಾರ್ಯ ಎಂದು ಗುರುತು ಹಾಕಿಕೊಳ್ಳಿ. ಈ ಸೆಟ್ಟಿಂಗನ್ನು ಬದಲಿಸಲೇಬೇಕಿದ್ದರೆ ಪಟ್ರೋನಿಯ ಆದೇಶ ಸಾಧನವಾದ ಪಟ್ರೋನಿಕಂಟ್ರೋಲ್‌ನ ಎಡಿಟ್ ಕಾನ್ಫಿಗ್ ಮೂಲಕವೇ ಬದಲಿಸಿ. ಇದರ ಬೆಲೆ ರೆಪ್ಲಿಕಾದಲ್ಲಿ ಪ್ರೈಮರಿಗಿಂತ ಕಡಿಮೆ ಇರಕೂಡದು ಎಂಬ ಕಾರಣಕ್ಕೆ ಪಟ್ರೋನಿ ಅದನ್ನು ತನ್ನ ಹಿಡಿತದಲ್ಲೇ ಇಟ್ಟುಕೊಂಡಿರುತ್ತದೆ; ಒಂದು ಸರ್ವರ್‌ನ ಫೈಲ್‌ನಲ್ಲಿ ಮಾಡಿದ ತಿದ್ದುಪಡಿ ಉಳಿಯುವುದಿಲ್ಲ.

## ಹಂತ 2: ಪಾತ್ರ ಕೇಳುವ ತಪಾಸಣೆಯನ್ನು ಆರಿಸಿ

ಸರ್ವರ್ ಬದುಕಿದೆಯೇ ಎಂಬ ಪ್ರಶ್ನೆಗೂ ಅದು ಈಗ ಪ್ರೈಮರಿಯೇ ಎಂಬ ಪ್ರಶ್ನೆಗೂ ಬಹಳ ಅಂತರವಿದೆ. 5432ಕ್ಕೆ ಬರೀ ಟಿಸಿಪಿ ತಪಾಸಣೆ ಇಟ್ಟರೆ ಮೂರೂ ಸರ್ವರ್‌ಗಳು ಹಸಿರಾಗಿ ಕಾಣುತ್ತವೆ, ಬರೆಯುವ ಪ್ರತಿ ಮೂರು ಸಂಪರ್ಕಗಳಲ್ಲಿ ಎರಡು ರೆಪ್ಲಿಕಾಗಳಿಗೆ ಹೋಗಿ ಬೀಳುತ್ತವೆ. ಎಚ್‌ಎಪ್ರಾಕ್ಸಿಯ ಪಿಜಿಎಸ್‌ಕ್ಯೂಎಲ್ ಚೆಕ್ ಎಂಬ ಆಯ್ಕೆ ಕೂಡ ಸಂಪರ್ಕದ ಮೊದಲ ಸಂದೇಶವನ್ನು ಕಳಿಸಿ ಉತ್ತರ ಬಂತೇ ಎಂದಷ್ಟೇ ನೋಡುತ್ತದೆ. ಸರ್ವರ್‌ನ ಪಾತ್ರ ಅದಕ್ಕೆ ತಿಳಿಯದು.

ಇನ್ನು ಕೆಲವರು, ಸರ್ವರ್ ರೆಪ್ಲಿಕಾವೇ ಎಂದು ತಿಳಿಸುವ ಪಿಜಿ ಈಸ್ ಇನ್ ರಿಕವರಿ ಎಂಬ ಫಂಕ್ಷನ್ ಕರೆಯುವ ಸ್ಕ್ರಿಪ್ಟನ್ನು ತಾವೇ ಬರೆಯುತ್ತಾರೆ. ಎಲ್ಲವೂ ಸರಿಯಿರುವಾಗ ಅದು ಸರಿಯಾದ ಉತ್ತರವನ್ನೇ ಕೊಡುತ್ತದೆ. ಆದರೆ ನೆಟ್‌ವರ್ಕ್ ತುಂಡಾಗಿ ಹಳೆಯ ಪ್ರೈಮರಿ ಒಂಟಿಯಾದಾಗ, ಅದು ತನ್ನನ್ನು ಇನ್ನೂ ಪ್ರೈಮರಿ ಎಂದೇ ನಂಬಿಕೊಂಡಿರಬಹುದು, ಸ್ಕ್ರಿಪ್ಟ್ ಆ ನಂಬಿಕೆಯನ್ನು ಹಾಗೆಯೇ ವರದಿ ಮಾಡುತ್ತದೆ. ಎರಡು ಕಡೆ ಬರಹ ಆರಂಭವಾದರೆ ಆಗುವ ಹಾನಿಯನ್ನು ಸರಿಪಡಿಸುವುದು ಅತ್ಯಂತ ಕಷ್ಟ. ತಪಾಸಣೆ ಸರ್ವರ್‌ನ ಸ್ವಂತ ಅಭಿಪ್ರಾಯವನ್ನು ಕೇಳಕೂಡದು. ಎಟ್ಸಿಡಿಯಲ್ಲಿರುವ ನಾಯಕತ್ವದ ಲಾಕ್ ಯಾರ ಕೈಯಲ್ಲಿದೆ ಎಂಬುದನ್ನು ಕೇಳಬೇಕು.

ಪಟ್ರೋನಿಯ 8008 ಪೋರ್ಟ್ ಇದನ್ನೇ ಹೇಳುತ್ತದೆ. ಪ್ರೈಮರಿ ಎಂಬ ವಿಳಾಸ, ಲಾಕ್ ಹಿಡಿದ ಸರ್ವರ್‌ನಿಂದ ಮಾತ್ರ 200 (ಸರಿ) ಎಂಬ ಉತ್ತರ ಕೊಡುತ್ತದೆ, ಉಳಿದವುಗಳಿಂದ 503 (ಲಭ್ಯವಿಲ್ಲ) ಬರುತ್ತದೆ. ರೆಪ್ಲಿಕಾ ಎಂಬ ವಿಳಾಸ, ಹಂಚಿಕೆಯಿಂದ ಹೊರಗಿಡುವ ನೋಲೋಡ್‌ಬ್ಯಾಲೆನ್ಸ್ ಎಂಬ ಟ್ಯಾಗ್ ಇಲ್ಲದ ರೆಪ್ಲಿಕಾಗಳಿಂದ 200 ಕೊಡುತ್ತದೆ. ರೀಡ್ ಓನ್ಲಿ ಎಂಬ ಇನ್ನೊಂದು ವಿಳಾಸಕ್ಕೆ ಪ್ರೈಮರಿಯೂ 200 ಎನ್ನುತ್ತದೆ, ಆದ್ದರಿಂದ ಹೆಸರು ನೋಡಿ ಮೋಸಹೋಗಬೇಡಿ. ಮುಂದಿನ ಹಂತಕ್ಕೆ ಹೋಗುವ ಮುನ್ನ ಪ್ರಾಕ್ಸಿ ಯಂತ್ರದಿಂದ ಮೂರೂ ಸರ್ವರ್‌ಗಳಿಗೆ ಕರ್ಲ್ ಮಾಡಿ. ಪ್ರೈಮರಿ ವಿಳಾಸಕ್ಕೆ ಒಂದೇ ಒಂದು 200 ಬರಬೇಕು.

## ಹಂತ 3: ಎಚ್‌ಎಪ್ರಾಕ್ಸಿಯಲ್ಲಿ ಎರಡು ದಾರಿಗಳನ್ನು ತೆರೆಯಿರಿ

ಎರಡೂ ದಾರಿಗಳಿಗೆ ಮೋಡ್ ಟಿಸಿಪಿ ಎಂದೇ ಇರಬೇಕು, ತಪಾಸಣೆ ಮಾತ್ರ ಎಚ್‌ಟಿಟಿಪಿ ಆಗಿ 8008ಕ್ಕೆ ಹೋಗಬೇಕು. ಪ್ರತಿ 3 ಸೆಕೆಂಡಿಗೆ ಒಂದು ತಪಾಸಣೆ, ಸತತ 3 ಸೋಲುಗಳಿಗೆ ಕೆಳಗೆ, 2 ಗೆಲುವುಗಳಿಗೆ ಮೇಲೆ ಎಂಬ ಅಳತೆ ಹೆಚ್ಚಿನ ಕಡೆ ಸಾಕು.

ಬರೆಯುವ ದಾರಿಗೆ ಆನ್ ಮಾರ್ಕ್ಡ್ ಡೌನ್ ಶಟ್‌ಡೌನ್ ಸೆಷನ್ಸ್ ಎಂಬ ಆಯ್ಕೆ ಕಡ್ಡಾಯ. ಇದಿಲ್ಲದಿದ್ದರೆ ಸರ್ವರ್ ಕೆಳಗಿಳಿದಿದೆ ಎಂದು ಪ್ರಾಕ್ಸಿಗೆ ಗೊತ್ತಾದರೂ ಹಳೆಯ ಸಂಪರ್ಕಗಳು ಅದಕ್ಕೇ ಅಂಟಿಕೊಂಡಿರುತ್ತವೆ. ಸರ್ವರ್ ಸತ್ತಿಲ್ಲದೆ ಸ್ತಬ್ಧವಾಗಿದ್ದರೆ ಆ ಆ್ಯಪ್‌ಗಳು ಉತ್ತರಕ್ಕಾಗಿ ಕಾಯುತ್ತಲೇ ಇರುತ್ತವೆ. ಆರಂಭದಲ್ಲಿ ಹೇಳಿದ ಎರಡನೆಯ ದೂರಿಗೆ ಬಹುಪಾಲು ಕಾರಣ ಈ ಒಂದು ಸಾಲು ಬಿಟ್ಟುಹೋಗಿರುವುದೇ.

ಓದುವ ದಾರಿಯಲ್ಲಿ ಹಂಚಿಕೆಯ ವಿಧಾನ ರೌಂಡ್ ರಾಬಿನ್ (ಸರದಿಯಂತೆ) ಆಗಿರುವುದಕ್ಕಿಂತ ಲೀಸ್ಟ್ ಕಾನ್ (ಅತಿ ಕಡಿಮೆ ಸಂಪರ್ಕಗಳಿರುವ ಸರ್ವರ್‌ಗೆ) ಆಗಿರುವುದು ಮೇಲು; ದೀರ್ಘಕಾಲ ಬಾಳುವ ಸಂಪರ್ಕಗಳಿಗೆ ಎಚ್‌ಎಪ್ರಾಕ್ಸಿಯ ಕೈಪಿಡಿ ಸೂಚಿಸುವುದೂ ಅದನ್ನೇ. ಹಿಂತಿರುಗಿ ಬಂದ ಸರ್ವರ್‌ನಲ್ಲಿ ಸಂಪರ್ಕಗಳು ಸೊನ್ನೆ ಇರುವುದರಿಂದ ಹೊಸದಾಗಿ ತೆರೆಯುವವೆಲ್ಲ ಅದಕ್ಕೇ ಹೋಗುತ್ತವೆ, ಹೀಗೆ ಅಸಮತೋಲನ ಬೇಗ ಸರಿಯಾಗುತ್ತದೆ. ಆದರೆ ಆ ಸರ್ವರ್‌ನ ಮೆಮೊರಿಯಲ್ಲಿ ಆಗಿನ್ನೂ ಡೇಟಾ ತುಂಬಿರುವುದಿಲ್ಲ. ಅದಕ್ಕಾಗಿ ಹೊರೆಯನ್ನು ಮೆಲ್ಲಗೆ ಏರಿಸುವ ಸ್ಲೋಸ್ಟಾರ್ಟ್ ಎಂಬ ಆಯ್ಕೆಗೆ 60 ಸೆಕೆಂಡಿನಷ್ಟು ಕೊಡಿ.

ರೆಪ್ಲಿಕಾ ವಿಳಾಸಕ್ಕೆ ಲ್ಯಾಗ್ (ರೆಪ್ಲಿಕಾ ಪ್ರೈಮರಿಗಿಂತ ಎಷ್ಟು ಹಿಂದಿದೆ ಎಂಬುದರ) ಮಿತಿಯನ್ನು ಸೇರಿಸಬಹುದು, ಉದಾಹರಣೆಗೆ 10 ಎಂಬಿ. ಈ ಅಳತೆ ಸೆಕೆಂಡುಗಳದ್ದಲ್ಲ, ರೆಪ್ಲಿಕಾ ಇನ್ನೂ ಅನ್ವಯಿಸಿಕೊಳ್ಳದ ಬದಲಾವಣೆಗಳ ಲಾಗ್‌ನ ಬೈಟುಗಳದ್ದು. ಆ ಲಾಗ್‌ನಲ್ಲಿ ಪ್ರೈಮರಿಯ ಸ್ಥಾನವನ್ನು ಪಟ್ರೋನಿ ಸಾಮಾನ್ಯವಾಗಿ 10 ಸೆಕೆಂಡಿಗೊಮ್ಮೆ ಎಟ್ಸಿಡಿಗೆ ಬರೆಯುವುದರಿಂದ ಹೋಲಿಕೆ ಅಷ್ಟು ಹಳೆಯದಾಗಿರಬಹುದು. ಇಲ್ಲಿ ಬಹಳ ಎಚ್ಚರ ಬೇಕು. ಮಿತಿಯನ್ನು ತೀರ ಬಿಗಿಯಾಗಿಟ್ಟು, ಓದುವ ದಾರಿಗೂ ಶಟ್‌ಡೌನ್ ಸೆಷನ್ಸ್ ಹಾಕಿದರೆ, ರಾತ್ರಿಯ ದೊಡ್ಡ ಅಪ್‌ಡೇಟ್ ನಡೆದಾಗ ಒಂದು ರೆಪ್ಲಿಕಾ ಮಿತಿ ದಾಟುತ್ತದೆ, ಅದರ ಸಂಪರ್ಕಗಳೆಲ್ಲ ಕಡಿದು ಇನ್ನೊಂದರ ಮೇಲೆ ಮುಗಿಬೀಳುತ್ತವೆ, ಆ ಹೊರೆಗೆ ಅದೂ ಹಿಂದೆ ಬಿದ್ದು ಮಿತಿ ದಾಟುತ್ತದೆ. ಅಂಕಿಅಂಶಗಳ ಪುಟದಲ್ಲಿ ರೆಪ್ಲಿಕಾಗಳು ಸರದಿಯಂತೆ ಕೆಂಪು ಹಸಿರಾಗುತ್ತಿದ್ದರೆ ಇದೇ ರೋಗ. ಮಿತಿಯನ್ನು ಸಡಿಲಿಸಿ; ಬರೆದ ಕೂಡಲೇ ಓದಬೇಕಾದ ಕ್ವೆರಿಗಳನ್ನು ಆ್ಯಪ್‌ನಲ್ಲೇ ಬೇರ್ಪಡಿಸಿ 5000ಕ್ಕೆ ಕಳಿಸಿ.

ಎರಡೂ ರೆಪ್ಲಿಕಾಗಳು ಇಲ್ಲವಾದರೆ ಓದುವ ಸಂಪರ್ಕಗಳು ಪ್ರೈಮರಿಗೆ ಹೋಗಬೇಕೇ ಎಂಬುದನ್ನು 1ನೆಯ ಹಂತದ ಬಜೆಟ್ ನೋಡಿಯೇ ತೀರ್ಮಾನಿಸಬೇಕು. ಬದುಕಿರುವ ಸರ್ವರ್‌ಗಳನ್ನು ಎಣಿಸುವ ಎನ್‌ಬಿಎಸ್‌ಆರ್‌ವಿ ಎಂಬ ಷರತ್ತಿನಿಂದ ಇದನ್ನು ಸಾಧಿಸಬಹುದು. ಪ್ರೈಮರಿ ತಾಳಲಾರದು ಎಂದಿದ್ದರೆ ಓದುವಿಕೆ ನಿಲ್ಲುವುದೇ ಲೇಸು, ಬರಹವಾದರೂ ಉಳಿಯುತ್ತದೆ.

ಕೊನೆಯದಾಗಿ, ಪ್ರತಿ ಸರ್ವರ್‌ನ ಸಾಲಿನಲ್ಲಿ ಮ್ಯಾಕ್ಸ್‌ಕಾನ್ ಅನ್ನು ಆ ಸರ್ವರ್ ಒಪ್ಪಿಕೊಳ್ಳುವ ಸಂಪರ್ಕಗಳ ಮಿತಿಗಿಂತ ತುಸು ಕಡಿಮೆ ಇಡಿ. ಆಗ ಹೆಚ್ಚಾದ ಸಂಪರ್ಕಗಳು ಡೇಟಾಬೇಸ್‌ನಿಂದ ತಿರಸ್ಕಾರಗೊಳ್ಳುವ ಬದಲು ಪ್ರಾಕ್ಸಿಯ ಸರದಿಯಲ್ಲಿ ಕಾಯುತ್ತವೆ. ಟೈಮ್‌ಔಟ್ ಕ್ಯೂ ಬರೆಯದಿದ್ದರೆ ಟೈಮ್‌ಔಟ್ ಕನೆಕ್ಟ್‌ನ ಬೆಲೆಯೇ ಅದಕ್ಕೂ ಅನ್ವಯಿಸುತ್ತದೆ ಎಂಬುದು ನೆನಪಿರಲಿ.

## ಹಂತ 4: ಟೈಮ್‌ಔಟ್‌ಗಳನ್ನು ಹೊಂದಿಸಿ

ಪಟ್ರೋನಿಯ ಮಾದರಿ ಕಡತದಲ್ಲಿ ಎಚ್‌ಎಪ್ರಾಕ್ಸಿಯ ಟೈಮ್‌ಔಟ್ ಕ್ಲೈಂಟ್ ಮತ್ತು ಟೈಮ್‌ಔಟ್ ಸರ್ವರ್ ಎರಡೂ 30 ನಿಮಿಷ ಇವೆ. ಅಷ್ಟು ಹೊತ್ತು ಯಾವ ಡೇಟಾವೂ ಹರಿಯದಿದ್ದರೆ ಪ್ರಾಕ್ಸಿ ಸಂಪರ್ಕವನ್ನು ಕಡಿದುಹಾಕುತ್ತದೆ. ಸಂಪರ್ಕ ಬದುಕಿದೆಯೇ ಎಂದು ನೋಡುವ ಟಿಸಿಪಿ ಕೀಪ್‌ಅಲೈವ್ ಸಂದೇಶಗಳನ್ನು ಅದು ಡೇಟಾ ಎಂದು ಪರಿಗಣಿಸುವುದಿಲ್ಲ. ಆದ್ದರಿಂದ ಪೂಲ್‌ನಲ್ಲಿ ಸುಮ್ಮನಿರುವ ಸಂಪರ್ಕವೂ ಕಡಿಯುತ್ತದೆ, 40 ನಿಮಿಷ ಓಡುವ ವರದಿಯ ಕ್ವೆರಿಯೂ ನಡುವಿನಲ್ಲಿ ತುಂಡಾಗುತ್ತದೆ. ದೀರ್ಘ ವರದಿಗಳಿಗೆ ಹೆಚ್ಚಿನ ಟೈಮ್‌ಔಟ್ ಇರುವ ಪ್ರತ್ಯೇಕ ಪೋರ್ಟ್ ತೆರೆಯುವುದು ಸರಿಯಾದ ದಾರಿ.

ಲಿನಕ್ಸ್‌ನಲ್ಲಿ ಟಿಸಿಪಿ ಕೀಪ್‌ಅಲೈವ್ ಮೊದಲ ಸಂದೇಶ ಕಳಿಸುವುದೇ 7200 ಸೆಕೆಂಡುಗಳ ನಂತರ. ಕೇಬಲ್ ಕಿತ್ತಂತೆ ಮಾಯವಾದ ಸರ್ವರನ್ನು ಗುರುತಿಸಲು ಎರಡು ಗಂಟೆ ಕಾಯಲಾಗದು. ಪ್ರಾಕ್ಸಿಯಲ್ಲೂ ಆ್ಯಪ್‌ನ ಡ್ರೈವರ್‌ನಲ್ಲೂ ಕೀಪ್‌ಅಲೈವನ್ನು ಒಂದು ನಿಮಿಷದ ಆಸುಪಾಸಿಗೆ ಇಳಿಸಿ.

## ಹಂತ 5: ಪಿಜಿಬೌನ್ಸರನ್ನು ಡೇಟಾಬೇಸ್‌ನ ಪಕ್ಕದಲ್ಲೇ ಕೂರಿಸಿ

ಪ್ರತಿ ಡೇಟಾಬೇಸ್ ಸರ್ವರ್‌ನಲ್ಲೂ ಒಂದು ಪಿಜಿಬೌನ್ಸರ್ ಇಟ್ಟು, ಅದು ತನ್ನ ಪಕ್ಕದ ಪೋಸ್ಟ್‌ಗ್ರೆಸ್‌ಗೆ ಮಾತ್ರ ಮಾತನಾಡುವಂತೆ ಮಾಡುವುದು ನನ್ನ ಆಯ್ಕೆ. ಎಚ್‌ಎಪ್ರಾಕ್ಸಿ ಸಂಪರ್ಕಗಳನ್ನು 6432ಕ್ಕೆ ಕಳಿಸುತ್ತದೆ, ಪಾತ್ರವನ್ನು 8008ರಲ್ಲಿ ಕೇಳುತ್ತದೆ. ಇಲ್ಲಿ ಒಂದು ಕುರುಡು ತಾಣವಿದೆ: ಪಿಜಿಬೌನ್ಸರ್ ಸತ್ತು ಪಟ್ರೋನಿ ಬದುಕಿದ್ದರೆ ತಪಾಸಣೆ ಹಸಿರಾಗಿಯೇ ಇರುತ್ತದೆ, ಸಂಪರ್ಕಗಳು ಮಾತ್ರ ವಿಫಲವಾಗುತ್ತವೆ. ಲಿನಕ್ಸ್‌ನ ಸೇವೆಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿ ಪಿಜಿಬೌನ್ಸರನ್ನು ತಾನಾಗಿಯೇ ಎಬ್ಬಿಸುವಂತೆ ಮಾಡಿ, 6432ರ ಮೇಲೆ ಪ್ರತ್ಯೇಕ ನಿಗಾ ಇಡಿ.

ಡಿಫಾಲ್ಟ್ ಪೂಲ್ ಸೈಜ್ 20 ಎಂಬುದು ಇಡೀ ಸರ್ವರ್‌ಗೆ ಅನ್ವಯಿಸುವ ಅಂಕಿಯಲ್ಲ. ಪ್ರತಿ ಡೇಟಾಬೇಸ್ ಮತ್ತು ಬಳಕೆದಾರ ಜೋಡಿಗೆ 20. ಎರಡು ಡೇಟಾಬೇಸ್‌ಗಳು, ನಾಲ್ಕು ಬಳಕೆದಾರರು ಇದ್ದರೆ ಸಂಪರ್ಕಗಳು 160ರವರೆಗೆ ಹೋಗಬಹುದು. ಆ್ಯಪ್ ಕಡೆಯ ಸಂಪರ್ಕಗಳ ಮಿತಿಯಾದ ಮ್ಯಾಕ್ಸ್ ಕ್ಲೈಂಟ್ ಕಾನ್‌ನ ಮೂಲ ಬೆಲೆ 100 ಮಾತ್ರವಾದ್ದರಿಂದ, ಬಜೆಟ್ಟಿನ ದೊಡ್ಡ ಅಂಕಿಗೆ ತಕ್ಕಂತೆ ಅದನ್ನು ಏರಿಸದಿದ್ದರೆ ಪಿಜಿಬೌನ್ಸರೇ ಅಡ್ಡಗಟ್ಟೆಯಾಗುತ್ತದೆ.

ಪೂಲ್ ಮೋಡ್ ಟ್ರಾನ್ಸಾಕ್ಷನ್ (ಒಂದು ಟ್ರಾನ್ಸಾಕ್ಷನ್ ಮುಗಿದೊಡನೆ ಡೇಟಾಬೇಸ್ ಸಂಪರ್ಕ ಬೇರೆಯವರಿಗೆ ಸಿಗುವ ವಿಧ) ಆದಾಗ ಮಾತ್ರ ನಿಜವಾದ ಉಳಿತಾಯ ಸಿಗುತ್ತದೆ, ಆದರೆ ಸೆಷನ್‌ಗೆ ಅಂಟಿದ ಸೌಲಭ್ಯಗಳು ಮುರಿಯುತ್ತವೆ: ಸೆಷನ್ ಮಟ್ಟದ ಸೆಟ್, ಲಿಸನ್, ಅಡ್ವೈಸರಿ ಲಾಕ್‌ಗಳು, ಹಲವು ಟ್ರಾನ್ಸಾಕ್ಷನ್‌ಗಳಿಗೆ ಬಾಳಬೇಕಾದ ತಾತ್ಕಾಲಿಕ ಟೇಬಲ್‌ಗಳು. ಡ್ರೈವರ್ ಮೂಲಕ ಬರುವ ಪ್ರಿಪೇರ್ಡ್ ಸ್ಟೇಟ್‌ಮೆಂಟ್‌ಗಳಿಗೆ ಪಿಜಿಬೌನ್ಸರ್ 1.21ರಿಂದ ಮ್ಯಾಕ್ಸ್ ಪ್ರಿಪೇರ್ಡ್ ಸ್ಟೇಟ್‌ಮೆಂಟ್ಸ್ ಎಂಬ ಸೆಟ್ಟಿಂಗ್ ಬಂದಿದೆ. ಹಳೆಯ ಆವೃತ್ತಿಯಲ್ಲಿದ್ದರೆ ಮೊದಲು ಅದನ್ನು ಮೇಲೆತ್ತಿ.

## ಹಂತ 6: ಆ್ಯಪ್‌ನ ಪೂಲ್‌ಗೆ ಆಯುಷ್ಯ ಗೊತ್ತುಮಾಡಿ

ಹೊರೆ ಸಮನಾಗುವುದು ಇಲ್ಲಿ. ಬಿದ್ದ ರೆಪ್ಲಿಕಾ ಹಿಂತಿರುಗಿದಾಗ ಪ್ರಾಕ್ಸಿ ಹಳೆಯ ಸಂಪರ್ಕಗಳನ್ನು ಕಿತ್ತು ಅದಕ್ಕೆ ಕೊಡುವುದಿಲ್ಲ. ಆ್ಯಪ್ ಹಳೆಯದನ್ನು ಮುಚ್ಚಿ ಹೊಸದನ್ನು ತೆರೆದಾಗ ಮಾತ್ರ ಅದಕ್ಕೆ ಪಾಲು ಸಿಗುತ್ತದೆ. ಜಾವಾ ಆ್ಯಪ್‌ಗಳ ಪೂಲ್ ಆದ ಹಿಕಾರಿಸಿಪಿ ಬಳಸುವವರಲ್ಲಿ ಮ್ಯಾಕ್ಸ್ ಲೈಫ್‌ಟೈಮ್ ಮೂಲತಃ 30 ನಿಮಿಷ ಇರುತ್ತದೆ, ಅದು ಪ್ರಾಕ್ಸಿಯ 30 ನಿಮಿಷದ ಟೈಮ್‌ಔಟ್‌ಗೆ ಸರಿಸಮವಾಗಿ ಬಂದು ತಗಲುತ್ತದೆ. ಇದನ್ನು 10ರಿಂದ 15 ನಿಮಿಷಕ್ಕೆ ಇಳಿಸಿ. ಬೇರೆ ಪೂಲ್‌ಗಳಲ್ಲಿ ಆಯುಷ್ಯದ ಮಿತಿಯೇ ಇಲ್ಲದಿರಬಹುದು; ಹುಡುಕಿ ಹಾಕಿ.

ಪಿಜಿಬೌನ್ಸರ್‌ನ ಸರ್ವರ್ ಲೈಫ್‌ಟೈಮ್ ಈ ಕೆಲಸ ಮಾಡುತ್ತದೆ ಎಂಬ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಅದು ಪಿಜಿಬೌನ್ಸರ್‌ನಿಂದ ಪೋಸ್ಟ್‌ಗ್ರೆಸ್‌ಗೆ ಹೋಗುವ ಸಂಪರ್ಕಗಳ ಆಯುಷ್ಯ. ಈ ಜೋಡಣೆಯಲ್ಲಿ ಹಂಚಿಕೆಯ ತೀರ್ಮಾನ ಅದಕ್ಕಿಂತ ಮೊದಲೇ, ಎಚ್‌ಎಪ್ರಾಕ್ಸಿಯಲ್ಲಿ ಆಗಿಹೋಗಿರುತ್ತದೆ.

ಮರುಪ್ರಯತ್ನದ ಅವಧಿಯನ್ನೂ ಇಲ್ಲೇ ಹೊಂದಿಸಬೇಕು. ನಾಯಕತ್ವದ ಲಾಕ್ ನವೀಕರಣವಿಲ್ಲದೆ ಬಾಳುವ ಅವಧಿಯಾದ ಪಟ್ರೋನಿಯ ಟಿಟಿಎಲ್ ಮೂಲತಃ 30 ಸೆಕೆಂಡು. ಅದರ ಮೇಲೆ ಹೊಸ ನಾಯಕನ ಆಯ್ಕೆ, ಬಡ್ತಿ, ಪ್ರಾಕ್ಸಿಯ ಎರಡು ಯಶಸ್ವಿ ತಪಾಸಣೆಗಳು ಸೇರುತ್ತವೆ. ಹಿಕಾರಿಯ ಕನೆಕ್ಷನ್ ಟೈಮ್‌ಔಟ್ ಕೂಡ 30 ಸೆಕೆಂಡೇ ಆದ್ದರಿಂದ ಆ್ಯಪ್ ಕೊಂಚ ಮೊದಲೇ ಕೈಚೆಲ್ಲುತ್ತದೆ. ಒಂದು ನಿಮಿಷದವರೆಗಾದರೂ ಅಂತರ ಹೆಚ್ಚಿಸುತ್ತ ಮರಳಿ ಯತ್ನಿಸುವ ಕೋಡ್ ಇರಬೇಕು, ಮತ್ತು ಅದು ಇಡೀ ಟ್ರಾನ್ಸಾಕ್ಷನನ್ನು ಮೊದಲಿನಿಂದ ನಡೆಸಬೇಕು. ಕಮಿಟ್ ಕಳಿಸಿದ ಮೇಲೆ ಉತ್ತರ ಬರದಿದ್ದರೆ ಕೆಲಸ ಆಗಿದೆಯೋ ಇಲ್ಲವೋ ತಿಳಿಯದು. ಹಣ ವರ್ಗಾವಣೆಯಂಥ ಕೆಲಸಕ್ಕೆ ಪ್ರತಿ ವ್ಯವಹಾರಕ್ಕೂ ವಿಶಿಷ್ಟ ಗುರುತು ಸಂಖ್ಯೆ ಇಟ್ಟು, ಎರಡು ಬಾರಿ ಬಂದರೂ ಒಮ್ಮೆ ಮಾತ್ರ ದಾಖಲಾಗುವಂತೆ ನೋಡಿಕೊಳ್ಳಿ.

## ಹಂತ 7: ಹಂಚಿಕೆಯನ್ನು ಸರಿಯಾದ ಜಾಗದಲ್ಲಿ ಅಳೆಯಿರಿ

ಪೋಸ್ಟ್‌ಗ್ರೆಸ್‌ನ ಆದೇಶ ಸಾಧನವಾದ ಪಿಎಸ್‌ಕ್ಯೂಎಲ್ ಅನ್ನು ಲೂಪ್‌ನಲ್ಲಿ ಓಡಿಸಿದರೆ ಪ್ರತಿ ಬಾರಿಯೂ ಹೊಸ ಸಂಪರ್ಕ ತೆರೆಯುವುದರಿಂದ ಫಲಿತಾಂಶ ಸುಂದರವಾಗಿ ಸಮನಾಗಿ ಕಾಣುತ್ತದೆ. ಪೂಲ್ ಇರುವ ಆ್ಯಪ್ ಹಾಗೆ ವರ್ತಿಸುವುದಿಲ್ಲ, ಆದ್ದರಿಂದ ಈ ಪರೀಕ್ಷೆಯಿಂದ ಏನೂ ಸಾಬೀತಾಗುವುದಿಲ್ಲ. ಸರ್ವರ್ ಗುರುತಿಸಲು ಇನೆಟ್ ಸರ್ವರ್ ಅಡ್ರೆಸ್ ಫಂಕ್ಷನ್ ಬಳಸುವವರಿಗೆ ಇನ್ನೊಂದು ತೊಡಕಿದೆ: ಪಿಜಿಬೌನ್ಸರ್ ಯೂನಿಕ್ಸ್ ಸಾಕೆಟ್ ಮೂಲಕ ಹೋದರೆ ಅದು ನಲ್ ಕೊಡುತ್ತದೆ, 127.0.0.1 ಮೂಲಕ ಹೋದರೆ ಎಲ್ಲ ಸರ್ವರ್‌ಗಳಲ್ಲೂ ಅದೇ ವಿಳಾಸವನ್ನು ಕೊಡುತ್ತದೆ.

ನಿಜವಾದ ಹೊರೆ ಇರುವಾಗ ಎಚ್‌ಎಪ್ರಾಕ್ಸಿಯ ಪುಟದಲ್ಲಿ ಪ್ರತಿ ಸರ್ವರ್‌ನ ಈಗಿನ ಸೆಷನ್‌ಗಳನ್ನು ನೋಡಿ, ನಂತರ ಪ್ರತಿ ಸರ್ವರ್‌ನ ಪಿಜಿ ಸ್ಟ್ಯಾಟ್ ಆಕ್ಟಿವಿಟಿಯಲ್ಲಿ ಸಕ್ರಿಯ ಕ್ವೆರಿಗಳನ್ನು ಎಣಿಸಿ. ಸಂಪರ್ಕಗಳು ಸಮವಿದ್ದು ಕ್ವೆರಿಗಳು ಅಸಮವಿದ್ದರೆ, ಯಾವುದೋ ಒಂದು ಆ್ಯಪ್ ಉಳಿದವಕ್ಕಿಂತ ಬಹಳ ಭಾರವಾಗಿದೆ. ಅದಕ್ಕೆ ಬೇರೆ ಪೋರ್ಟ್ ಕೊಡಿ. ಪ್ರಾಕ್ಸಿ ನಡುವೆ ಇರುವುದರಿಂದ ಆ್ಯಪ್‌ನ ಮೂಲ ಐಪಿ ಡೇಟಾಬೇಸ್‌ಗೆ ಕಾಣದು. ಪ್ರತಿ ಆ್ಯಪ್ ತನ್ನ ಅಪ್ಲಿಕೇಶನ್ ನೇಮ್ ಕಳಿಸುವಂತೆ ಮಾಡದಿದ್ದರೆ ಭಾರದ ಆ್ಯಪ್ ಯಾವುದೆಂದು ಹುಡುಕುವುದೇ ದೊಡ್ಡ ಪಾಡಾಗುತ್ತದೆ.

ಸಂಪರ್ಕವನ್ನು ಗೂಢಲಿಪಿಗೊಳಿಸುವ ಟಿಎಲ್‌ಎಸ್‌ನಲ್ಲಿ ವೆರಿಫೈ ಫುಲ್ (ಹೋಸ್ಟ್ ಹೆಸರನ್ನೂ ಪರಿಶೀಲಿಸುವ ಆಯ್ಕೆ) ಬಳಸುತ್ತಿದ್ದರೆ, ಸರ್ವರ್ ಸರ್ಟಿಫಿಕೇಟ್‌ನಲ್ಲಿ ವರ್ಚುವಲ್ ಐಪಿಯ ಹೋಸ್ಟ್ ಹೆಸರೂ ಸೇರಿರಬೇಕು.

## ಹಂತ 8: ಬೇಕೆಂದೇ ಕೆಡವಿ ನೋಡಿ

1. ಮೊದಲು ಪಟ್ರೋನಿಕಂಟ್ರೋಲ್‌ನಿಂದ ಯೋಜಿತ ಸ್ವಿಚ್‌ಓವರ್ (ಪ್ರೈಮರಿ ಬದಲಾವಣೆ) ಮಾಡಿ. ಬರಹ ಕೆಲವು ಸೆಕೆಂಡು ನಿಂತು ಮತ್ತೆ ಆರಂಭವಾಗಬೇಕು, ಯಾವ ಆ್ಯಪ್ಪನ್ನೂ ರೀಸ್ಟಾರ್ಟ್ ಮಾಡುವ ಅಗತ್ಯ ಬೀಳಬಾರದು.

2. ನಂತರ ಪ್ರೈಮರಿ ಯಂತ್ರವನ್ನೇ ಆಫ್ ಮಾಡಿ. ಈ ಬಾರಿ ಟಿಟಿಎಲ್ ಮುಗಿಯುವವರೆಗೆ ಕಾಯಬೇಕಾಗುತ್ತದೆ.

3. ಮೂರನೆಯದು ಅತ್ಯಂತ ಮುಖ್ಯ, ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ. ಪ್ರೈಮರಿಯ ನೆಟ್‌ವರ್ಕನ್ನು ಐಪಿಟೇಬಲ್ಸ್‌ನ ಡ್ರಾಪ್ ನಿಯಮದಿಂದ ಕತ್ತರಿಸಿ, ರಿಜೆಕ್ಟ್ ಬಳಸಬೇಡಿ. ರಿಜೆಕ್ಟ್ ಮಾಡಿದರೆ ಎದುರಿನವರಿಗೆ ಕೂಡಲೇ ನಿರಾಕರಣೆಯ ಸುದ್ದಿ ತಲುಪುತ್ತದೆ, ಡ್ರಾಪ್‌ನಲ್ಲಿ ಬರೀ ಮೌನ. 3 ಮತ್ತು 4ನೆಯ ಹಂತಗಳಲ್ಲಿ ಉಳಿದ ಲೋಪಗಳೆಲ್ಲ ಈ ಪರೀಕ್ಷೆಯಲ್ಲಿ ಹೊರಬೀಳುತ್ತವೆ.

4. ಕೊನೆಗೆ ಸಕ್ರಿಯ ಎಚ್‌ಎಪ್ರಾಕ್ಸಿಯನ್ನು ನಿಲ್ಲಿಸಿ, ವರ್ಚುವಲ್ ಐಪಿ ಇನ್ನೊಂದಕ್ಕೆ ಹೋಗುವುದನ್ನು ನೋಡಿ.

## ಲಾಗ್‌ನಲ್ಲಿ ಕಾಣುವ ಎಚ್ಚರಿಕೆಯ ಚಿಹ್ನೆಗಳು

ದೋಷ ಸಂಖ್ಯೆ 25006 ಬಂದರೆ ಬರಹ ರೆಪ್ಲಿಕಾಗೆ ಹೋಗಿದೆ. ಆ್ಯಪ್ 5001ಕ್ಕೆ ಬರೆಯುತ್ತಿದೆ ಅಥವಾ 2ನೆಯ ಹಂತದ ತಪಾಸಣೆ ತಪ್ಪಾಗಿದೆ. 53300 ಎಂದರೆ ಸಂಪರ್ಕಗಳ ಮಿತಿ ಮುಗಿದಿದೆ, ಬಜೆಟ್ಟಿಗೆ ಹಿಂತಿರುಗಿ. ಸ್ವಿಚ್‌ಓವರ್ ಹೊತ್ತಿನಲ್ಲಿ 57ಪಿ01 ಕಾಣುವುದು ಸಹಜ, ಬೇರೆ ವೇಳೆಯಲ್ಲಿ ಕಂಡರೆ ಯಾರೋ ಸಂಪರ್ಕಗಳನ್ನು ಕಡಿಯುತ್ತಿದ್ದಾರೆ. ರೆಪ್ಲಿಕಾದಲ್ಲಿ ದೀರ್ಘ ಕ್ವೆರಿಗಳು ರಿಕವರಿಯೊಂದಿಗಿನ ಸಂಘರ್ಷದಿಂದ ರದ್ದಾಗುತ್ತಿದ್ದರೆ ಅದು ಹಂಚಿಕೆಯ ದೋಷವಲ್ಲ. ಅಂಥ ಸಂಘರ್ಷದಲ್ಲಿ ರೆಪ್ಲಿಕಾ ಕಾಯುವ ಅವಧಿಯಾದ ಮ್ಯಾಕ್ಸ್ ಸ್ಟ್ಯಾಂಡ್‌ಬೈ ಸ್ಟ್ರೀಮಿಂಗ್ ಡಿಲೇ ಮೂಲತಃ 30 ಸೆಕೆಂಡು ಇರುವುದರ ಪರಿಣಾಮ.

## ದುರಸ್ತಿಗಾಗಿ ಒಂದು ರೆಪ್ಲಿಕಾವನ್ನು ಹೊರತೆಗೆಯುವ ಕ್ರಮ

ನೋಲೋಡ್‌ಬ್ಯಾಲೆನ್ಸ್ ಟ್ಯಾಗ್ ಹಾಕಿದರೆ ತಪಾಸಣೆ 503 ಕೊಡುತ್ತದೆ, ಸರ್ವರ್ ಕೆಳಗಿಳಿದಂತಾಗುತ್ತದೆ, ಶಟ್‌ಡೌನ್ ಸೆಷನ್ಸ್ ಇದ್ದಲ್ಲಿ ನಡೆಯುತ್ತಿರುವ ಓದುಗಳೆಲ್ಲ ಕಡಿಯುತ್ತವೆ. ಅದರ ಬದಲು ಎಚ್‌ಎಪ್ರಾಕ್ಸಿಯ ಅಡ್ಮಿನ್ ಸಾಕೆಟ್ ಮೂಲಕ ಆ ಸರ್ವರನ್ನು ಡ್ರೇನ್ ಸ್ಥಿತಿಗೆ ತನ್ನಿ. ಹೊಸ ಸಂಪರ್ಕಗಳು ನಿಲ್ಲುತ್ತವೆ, ಇರುವವು ತಮ್ಮ ಆಯುಷ್ಯ ಮುಗಿದಂತೆ ತಾವಾಗಿಯೇ ಹೊರಡುತ್ತವೆ. 6ನೆಯ ಹಂತದಲ್ಲಿ 15 ನಿಮಿಷ ಎಂದಿಟ್ಟಿದ್ದರೆ ಸುಮಾರು ಅಷ್ಟು ಹೊತ್ತಿನಲ್ಲಿ ಸೆಷನ್‌ಗಳ ಸಂಖ್ಯೆ ಸೊನ್ನೆಗೆ ಇಳಿಯಬೇಕು. ಇಳಿಯದೆ ಉಳಿದ ಸಂಪರ್ಕಗಳು ಯಾವ ಆ್ಯಪ್‌ನವು ಎಂದು ಪಿಜಿಬೌನ್ಸರ್‌ನ ಶೋ ಕ್ಲೈಂಟ್ಸ್ ಆದೇಶದಿಂದ ಪತ್ತೆ ಮಾಡಿ. ಆ ಆ್ಯಪ್‌ನ ಪೂಲ್‌ಗೆ ಇನ್ನೂ ಆಯುಷ್ಯದ ಮಿತಿ ಬಿದ್ದಿಲ್ಲ. ಎರಡನೆಯ ಎಚ್‌ಎಪ್ರಾಕ್ಸಿಯಲ್ಲೂ ಡ್ರೇನ್ ಮಾಡುವುದನ್ನು ಮರೆಯಬೇಡಿ, ಏಕೆಂದರೆ ಎರಡು ಪ್ರಾಕ್ಸಿಗಳು ಈ ಸ್ಥಿತಿಯನ್ನು ಪರಸ್ಪರ ಹಂಚಿಕೊಳ್ಳುವುದಿಲ್ಲ. ದುರಸ್ತಿ ಮುಗಿದ ಮೇಲೆ ರೆಪ್ಲಿಕಾ ಹಿಂದುಳಿದ ಲಾಗನ್ನು ಪೂರ್ತಿ ತುಂಬಿಕೊಂಡಿದೆಯೇ ಎಂದು ಪಟ್ರೋನಿಕಂಟ್ರೋಲ್‌ನ ಪಟ್ಟಿಯಲ್ಲಿ ನೋಡಿ, ಎರಡೂ ಪ್ರಾಕ್ಸಿಗಳಲ್ಲಿ ಅದನ್ನು ರೆಡಿ ಸ್ಥಿತಿಗೆ ತನ್ನಿ.